ಆರು ಜನರಿಗೆ ಒಂದು ಸಫಾರಿ

ಮುಂಬೈ ಪವಾಯಿಯ ಆ ಕುಟುಂಬಕ್ಕೆ ನಾನು ಮಾಡಿಕೊಟ್ಟ ಪ್ರವಾಸದ ಯೋಜನೆ ಎಷ್ಟನೆಯದೆಂಬುದು ಮೇ ತಿಂಗಳ ಹೊತ್ತಿಗೆ ನನಗೇ ಮರೆತುಹೋಗಿತ್ತು. ಕಂಪ್ಯೂಟರಿನಲ್ಲಿ ಫೈಲುಗಳ ಹೆಸರು ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’ ಎಂದು ಬೆಳೆಯುತ್ತ ಹೋಗಿತ್ತು. ಫೋರ್ಟ್‌ನ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ನಮ್ಮ ಟ್ರಾವೆಲ್ ಆಫೀಸು. ಅಲ್ಲಿ ಆಫ್ರಿಕಾ ವಿಭಾಗ ಎಂದರೆ ನಾನೊಬ್ಬಳೇ. ಯಾವ ತಿಂಗಳಿಗೆ ಯಾವ ದೇಶ, ಯಾವ ಕಾಡಿನಲ್ಲಿ ಯಾವ ಲಾಡ್ಜ್, ದೊಡ್ಡ ವಿಮಾನ ಇಳಿದವರನ್ನು ಚಿಕ್ಕ ವಿಮಾನಕ್ಕೆ ಎಲ್ಲಿ ಹತ್ತಿಸಬೇಕು, ಇವನ್ನು ಹೊಂದಿಸುವುದು ನನ್ನ ಕೆಲಸ. ನಾನು ಮಾತ್ರ ಆಫ್ರಿಕಾ ನೋಡಿದವಳಲ್ಲ. ಮುಂಬ್ರಾದಿಂದ ಲೋಕಲ್‌ನಲ್ಲಿ ನಿಂತು ಬಂದು, ಮೂರು ಮಹಡಿ ಹತ್ತಿ, ಬೆವರು ಒರೆಸಿಕೊಂಡು, ಬೇರೆಯವರಿಗೆ ಆನೆ ಎಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಹೇಳುವವಳು.

ಈ ಕುಟುಂಬದ ಯಜಮಾನರು ಕರಾವಳಿಯವರು. ಗ್ರಾಂಟ್ ರೋಡಿನಲ್ಲಿ ಒಂದು, ಫೋರ್ಟಿನಲ್ಲಿ ಒಂದು ಉಡುಪಿ ಹೋಟೆಲು ನಡೆಸುತ್ತಿದ್ದರು. ಹೆಂಡತಿಗೆ ಆಗಸ್ಟಿನಲ್ಲಿ ಅರವತ್ತು ತುಂಬುವುದಿತ್ತು. ಆ ನೆಪದಲ್ಲಿ ಗಂಡ ಹೆಂಡತಿ, ಮಗ ಸೊಸೆ, ಹೆಂಡತಿಯ ತಂಗಿ ಮತ್ತು ಅವಳ ಗಂಡ, ಹೀಗೆ ಆರು ಜನ ಸಫಾರಿಗೆ ಹೋಗಬೇಕೆಂದು ಬಂದಿದ್ದರು.

“ಮೇಡಂ, ನನಗೆ ಬೇರೆ ಎಂಥದೂ ಬೇಡ,” ಎಂದು ಯಜಮಾನರು ಮೊದಲ ದಿನವೇ ಫೋನು ತೆಗೆದು ವಿಡಿಯೋ ತೋರಿಸಿದ್ದರು. “ಈ ಪ್ರಾಣಿಗಳು ಸಾವಿರಗಟ್ಟಲೆ ನದಿ ದಾಟ್ತಾವಲ್ಲ, ಮೊಸಳೆ ಬಾಯಿ ಹಾಕ್ತದಲ್ಲ, ಅದು ಕಾಣಬೇಕು. ಹೋಟೆಲಿನಲ್ಲಿ ಮೂವತ್ತು ವರ್ಷ ಒಲೆ ಕಂಡದ್ದಾಯ್ತು.”

ಅವರ ಹೆಂಡತಿ ಪಕ್ಕದಲ್ಲಿ ಕೂತು ನೀರು ಕುಡಿಯುತ್ತಿದ್ದರು. ಸೊಂಟ ನೋವು, ಮೆಟ್ಟಿಲು ಹತ್ತಿ ಸುಸ್ತಾಗಿತ್ತು. ಆ ದಿನ ಅವರನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನದಿ ದಾಟುವುದು ಕಾಣಬೇಕೆಂದರೆ ಆಗಸ್ಟಿನಲ್ಲಿ ಕೀನ್ಯಾದ ಮಸಾಯಿ ಮಾರಾ. ಅದರಲ್ಲಿ ಹೆಚ್ಚು ಯೋಚಿಸುವುದೇನಿಲ್ಲ. ಆದರೂ ಹೋಲಿಸಿ ತೋರಿಸುವುದು ನಮ್ಮ ರೂಢಿ. ಪೂರ್ವದಲ್ಲಿ ಕೀನ್ಯಾ, ತಾಂಜಾನಿಯಾ: ಬಯಲು ದೊಡ್ಡದು, ಹಿಂಡು ದೊಡ್ಡದು, ದಾರಿಯೂ ದೊಡ್ಡದು, ಮಣ್ಣಿನ ರಸ್ತೆಯಲ್ಲಿ ಅರ್ಧ ದಿನ ಕುಲುಕಿಸಿಕೊಂಡು ಹೋಗಬೇಕು, ಇಲ್ಲವೇ ಚಿಕ್ಕ ವಿಮಾನ ಹತ್ತಬೇಕು, ಅದರಲ್ಲಿ ಹದಿನೈದು ಕಿಲೋ ಮೆತ್ತನೆಯ ಚೀಲ ಬಿಟ್ಟರೆ ಬೇರೆ ಸಾಮಾನು ಬಿಡುವುದಿಲ್ಲ. ದಕ್ಷಿಣದಲ್ಲಿ ಬೋಟ್ಸ್ವಾನಾ, ದಕ್ಷಿಣ ಆಫ್ರಿಕಾ: ಆಗಸ್ಟು ಅಲ್ಲಿ ಚಳಿಗಾಲ, ಹುಲ್ಲು ಒಣಗಿ ಗಿಡ್ಡವಾಗಿರುತ್ತದೆ, ಪ್ರಾಣಿಗಳು ನೀರು ಹುಡುಕಿಕೊಂಡು ಒಂದೇ ಕಡೆ ಬರುತ್ತವೆ. ಖಾಸಗಿ ಕಾಡುಗಳಲ್ಲಿ ಜೀಪು ರಸ್ತೆ ಬಿಟ್ಟು ಒಳಗೆ ಹೋಗಬಹುದು. ಆದರೆ ವೀಸಾ ನಿಧಾನ, ಮುಂಬೈಯಿಂದ ನೇರ ವಿಮಾನ ಸಿಗುವುದಿಲ್ಲ, ನದಿ ದಾಟುವ ಆ ದೃಶ್ಯವಂತೂ ಇಲ್ಲ.

“ಲಾಡ್ಜಾ?” ಎಂದು ಯಜಮಾನರು ನಕ್ಕರು. “ಗ್ರಾಂಟ್ ರೋಡಿನ ಲಾಡ್ಜಿನ ಹಾಗೆ ಇಲ್ಲ ತಾನೆ?”

“ಹಂಗಿಲ್ಲರಿ ಸರ್, ಅಲ್ಲಿ ಲಾಡ್ಜ್ ಅಂದ್ರ ಅರಮನಿ ಇದ್ದಂಗ,” ಎಂದೆ. ನನ್ನ ತವರಿನವರು ವಿಜಾಪುರದ ಕಡೆಯವರು. ಮನೆಯಲ್ಲಿ ದಖನಿ ಉರ್ದು, ಕನ್ನಡಕ್ಕೆ ಬಂದರೆ ಆ ಸೀಮೆಯದೇ ಮಾತು. ಕೀನ್ಯಾ ಎಂದು ನಿರ್ಧಾರವಾಯಿತು. ಲಾಡ್ಜಿನವರಿಗೆ ಬರೆದು ಮೂರು ಕೋಣೆ ಕಾಯ್ದಿರಿಸಿಟ್ಟೆ. ಆಮೇಲೆ ಟೆಂಟು ಬೇಡ ಕಟ್ಟಡ ಬೇಕು, ಕಟ್ಟಡ ಬೇಡ ಟೆಂಟೇ ಬೇಕು, ತಂಗಿಯ ಗಂಡನಿಗೆ ಚಿಕ್ಕ ವಿಮಾನ ಭಯ, ಹೀಗೆ ಬದಲಾವಣೆಗಳ ಮೇಲೆ ಬದಲಾವಣೆ ನಡೆದೇ ಇತ್ತು.

ಮೇ ತಿಂಗಳ ಒಂದು ಮಧ್ಯಾಹ್ನ ಸೊಸೆ ಒಬ್ಬಳೇ ಪಾಸ್‌ಪೋರ್ಟುಗಳ ಪ್ರತಿ ಕೊಡಲು ಬಂದಳು. ಮುಂಬೈಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಮೆಟ್ಟಿಲು ಹತ್ತಿ ಬಂದವಳು ಕುರ್ಚಿಯ ತುದಿಯಲ್ಲಿ ಕೂತು ಸುಧಾರಿಸಿಕೊಂಡಳು.

“ದೀದಿ, ನನ್ನ ಕನ್ನಡ ಥೋಡಾ ಕಚ್ಚಾ ಇದೆ. ಒಂದು ಕೇಳ್ಬೇಕಿತ್ತು. ಅದು ಯೆಲ್ಲೋ ಫೀವರ್ ಇಂಜೆಕ್ಷನ್... ಕಂಪಲ್ಸರಿ ಏನು?”

“ಕೀನ್ಯಾಕ್ಕ ಹೋಗಿ ಬರೂದಂದ್ರ ಬೇಕರಿ. ಇಲ್ಲಂದ್ರ ವಾಪಸ್ ಬಂದಾಗ ಏರ್‌ಪೋರ್ಟಿನಾಗ ಹಿಡದು ಕ್ವಾರಂಟೈನ್ ಮಾಡ್ತಾರ. ತಗೊಳ್ಳೂದು ಸುಲಭ ಐತಿ. ಮೊಟ್ಟಿ ಅಲರ್ಜಿ ಇದ್ದವರಿಗೆ, ಬಸುರಿ ಇದ್ದವರಿಗೆ ಅಷ್ಟ ಕೊಡೂದಿಲ್ಲ.” ಎಲ್ಲ ಗ್ರಾಹಕರಿಗೂ ಹೇಳುವ ಮಾತು ಅದು, ಬಾಯಿಪಾಠ.

ಅವಳು ಕಿಟಕಿಯ ಕಡೆ ನೋಡಿದಳು. ನಾನು ಕೀಬೋರ್ಡಿನಿಂದ ಕೈ ತೆಗೆದೆ.

ಅವಳು ಹೇಳಿದ್ದು ಇಷ್ಟು. ಎರಡು ಸಲ ಬಸುರು ನಿಂತು, ಇಳಿದು ಹೋಗಿತ್ತು. ಎರಡನೆಯ ಸಲ ಸುದ್ದಿ ಮನೆಯವರಿಗೆಲ್ಲ ಗೊತ್ತಾಗಿ, ಅತ್ತೆ ಖುಷಿಯಿಂದ ಊರಿಗೆಲ್ಲ ಫೋನು ಮಾಡಿದ್ದರು. ಹೋದ ಮೇಲೆ ಅವರೆಲ್ಲ ಒಬ್ಬೊಬ್ಬರಾಗಿ ಸಮಾಧಾನ ಹೇಳಲು ಫೋನು ಮಾಡಿದರು. ಇದು ಮೂರನೆಯದು, ಇನ್ನೂ ಶುರುವಿನಲ್ಲಿದೆ. ಗಂಡನಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಎಲ್ಲ ಸರಿ ಇದ್ದರೆ ಆಗಸ್ಟಿನಲ್ಲಿ ಪ್ರಯಾಣ ಮಾಡಬಹುದು, ಆದರೆ ಆ ಲಸಿಕೆ ಕೂಡದು, ಮಲೇರಿಯಾ ಇರುವ ಜಾಗಕ್ಕೆ ಹೋಗಕೂಡದು ಎಂದು ಡಾಕ್ಟರು ಹೇಳಿದ್ದರು.

“ಹಂಗಾದ್ರ ನೀವು ಬರೂದಿಲ್ಲ ಅಂದುಬಿಡ್ರಿ,” ಎಂದೆ.

“ಯಾಕೆ ಬರಲ್ಲ ಅಂತ ಕೇಳ್ತಾರೆ ನಾ. ಮಮ್ಮಿದು ಸಿಕ್ಸ್ಟಿಯತ್.” ಪ್ರತಿಗಳನ್ನು ಮೇಜಿನ ಮೇಲಿಟ್ಟಳು. “ಔರ್ ದೀದಿ, ಲಾಸ್ಟ್ ಟೈಮ್ ನಾನು ಬೆಡ್ ಬಿಟ್ಟು ಏಳಲೇ ಇಲ್ಲ. ಆದ್ರೂ ಹೋಯ್ತು. ಮತ್ತೆ ಹಾಗೆ ಮಲಗಿ ಕಾಯೋದು ನಂಗೆ ಆಗಲ್ಲ. ನಂಗೂ ಹೋಗ್ಬೇಕು. ಬೇರೆ ಜಾಗ ಇದೆ ಏನು?”

ಜಾಗ ಇತ್ತು. ದಕ್ಷಿಣ ಆಫ್ರಿಕಾದ ಉತ್ತರದ ಗಡಿಯಲ್ಲಿ ಮಾಡಿಕ್ವೆ ಎಂಬ ಕಾಡಿದೆ, ಮಲೇರಿಯಾ ಇಲ್ಲದ ಜಾಗ. ಆನೆ ದಂಡಿಯಾಗಿವೆ. ಕೆಲವು ಲಾಡ್ಜುಗಳಲ್ಲಿ ಜೀಪು ಹತ್ತದಿದ್ದರೂ ನಡೆಯುತ್ತದೆ. ನೀರಿನ ಹೊಂಡದ ಎದುರಿಗೆ ಜಗುಲಿಯ ಹಾಗೆ ಕಟ್ಟಿರುತ್ತಾರೆ, ಕೂತಲ್ಲೇ ಪ್ರಾಣಿಗಳು ಬಂದು ಹೋಗುವುದು ಕಾಣುತ್ತದೆ. ನಾನು ಹೇಳುತ್ತ ಹೋದಂತೆ ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಇನ್ಶೂರೆನ್ಸಿನಲ್ಲಿ ಬಸುರಿನ ತೊಂದರೆಗೆ ಏನೂ ಸಿಗುವುದಿಲ್ಲ ಎಂದೂ ಹೇಳಿದೆ. ಗೊತ್ತು ಎಂದಳು.

“ಆದ್ರೆ ಪ್ಲೀಸ್, ಪಪ್ಪಾಗೆ ಹೇಳ್ಬೇಡಿ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಡುವಾಗ ಅದು ಸುಲಭವೆನಿಸಿತ್ತು.

ಎರಡು ದಿನ ಕೂತು ಹೊಸದಾಗಿ ಹೋಲಿಕೆ ಸಿದ್ಧಮಾಡಿದೆ. ಸುಳ್ಳು ಒಂದನ್ನೂ ಸೇರಿಸಲಿಲ್ಲ. ನದಿ ದಾಟುವುದು ಅವರು ಹೋದ ದಿನವೇ ನಡೆಯುತ್ತದೆಂಬ ಖಾತ್ರಿ ಇಲ್ಲ. ಬಿಸಿಲಿನಲ್ಲಿ ದಂಡೆಯ ಮೇಲೆ ಹತ್ತಾರು ಗಾಡಿಗಳ ನಡುವೆ ಗಂಟೆಗಟ್ಟಲೆ ಕಾಯಬೇಕು. ಸೊಂಟ ನೋವಿನವರಿಗೆ ಆ ರಸ್ತೆ ಕಷ್ಟ. ಎಲ್ಲವೂ ನಿಜವೇ. ಅವರು ಮೊದಲು ಬಂದ ಮಾರ್ಚಿನಲ್ಲೂ ನಿಜವಾಗಿದ್ದವು, ಆಗ ನಾನು ಮೆಲ್ಲಗೆ ಹೇಳಿದ್ದೆ, ಈಗ ಜೋರಾಗಿ ಹೇಳುತ್ತಿದ್ದೆ. ಯಜಮಾನರು ಅದನ್ನು ಓದಿ ಸೀದಾ ಆಫೀಸಿಗೆ ಬಂದರು.

“ಎಂಥದು ಮೇಡಂ ಇದು? ಅಂದು ಕೀನ್ಯಾ ಅಂದವರು ನೀವೇ. ಈಗ ನೀವೇ ಬೇಡ ಅಂತೀರಿ. ಆ ಕಡೆಯ ಲಾಡ್ಜಿನವರು ನಿಮಗೆ ಏನಾದ್ರೂ ಕೊಡ್ತಾರಾ?”

“ಇಲ್ಲರಿ ಸರ್. ಅಮ್ಮಾವರಿಗೆ ಅದು ಆರಾಮ ಆಗ್ತೈತಿ ಅಂತ...”

“ಅವಳ ಸೊಂಟಕ್ಕೆ ಬೆಲ್ಟ್ ಉಂಟು. ನೀವು ಕೀನ್ಯಾ ಮಾಡಿ. ಆಗ್ಲಿಕ್ಕಿಲ್ಲ ಅಂದ್ರೆ ಹೇಳಿ, ಬೇರೆಯವರು ಇದ್ದಾರೆ.”

ಅವರು ಹೋದ ಮೇಲೆ ಆಫೀಸಿನ ಮಾಲೀಕರಾದ ನಮ್ಮ ಸೇಠ್ ಗಾಜಿನ ಕೋಣೆಯಿಂದ ಹೊರಗೆ ಬಂದು, “ಕ್ಲೈಂಟ್ ಕೋ ಜೋ ಚಾಹಿಯೇ ವೋ ದೋ ನಾ, ಬೆಹನ್,” ಎಂದರು, ಗ್ರಾಹಕರು ಕೇಳಿದ್ದನ್ನೇ ಕೊಡು ಎಂದು. ಕೋಪವಿರಲಿಲ್ಲ, ಬೇಸರವಿತ್ತು. ಕೀನ್ಯಾದ ಕೋಣೆಗಳನ್ನು ಖಚಿತಪಡಿಸುವ ಗಡುವು ಹತ್ತಿರ ಬರುತ್ತಿತ್ತು.

ನನಗೆ ಉಳಿದ ದಾರಿ ಒಂದೇ ಎನಿಸಿತು. ಅರವತ್ತು ದಾಟಿದವರಿಗೆ ಆ ಲಸಿಕೆ ಕೊಡುವಾಗ ಹೆಚ್ಚಿನ ಎಚ್ಚರಿಕೆ ಬೇಕು, ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು. ಇದೂ ನಿಜ. ಯಜಮಾನರಿಗೆ ಅರವತ್ತನಾಲ್ಕು, ಸಕ್ಕರೆ ಕಾಯಿಲೆ ಬೇರೆ. ಫೋನು ಮಾಡಿ ಹೇಳಿದೆ. ಅವರ ಡಾಕ್ಟರೇ ಬೇಡವೆಂದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಮೂರನೆಯ ದಿನ ವಾಟ್ಸಾಪಿನಲ್ಲಿ ಡಾಕ್ಟರ ಚೀಟಿಯ ಫೋಟೋ ಬಂತು, ಹಿಂದೆಯೇ ಅವರ ದನಿಯ ಸಂದೇಶ.

“ನೋಡಿದ್ರಾ? ನಾನೂ ಫಿಟ್, ಅವಳೂ ಫಿಟ್. ಇಂಜೆಕ್ಷನ್ನಿಗೆ ಆರೂ ಜನರ ಅಪಾಯಿಂಟ್‌ಮೆಂಟ್ ನಾನೇ ತೆಗೆದೆ. ಮುಂದಿನ ಮಂಗಳವಾರ. ಇನ್ನು ತಕರಾರು ಮಾಡ್ಬೇಡಿ ಮಾರಾಯ್ರೆ.”

ಅವರನ್ನು ತಡೆಯಲು ಹೋಗಿ ನಾನೇ ಕೆಲಸ ಬೇಗ ಆಗುವಂತೆ ಮಾಡಿದ್ದೆ. ಸಾಯಂಕಾಲ ಸೊಸೆಯ ಫೋನು ಬಂತು. ಯಾವುದೋ ಮೆಟ್ಟಿಲ ಹತ್ತಿರ ನಿಂತು ಮಾತಾಡುತ್ತಿದ್ದಳು, ದನಿ ಗುಂಯ್ ಎನ್ನುತ್ತಿತ್ತು.

“ದೀದಿ, ಮಂಗಳವಾರ ಅಂತೆ.”

“ನಿಮ್ಮ ಮನಿಯವರು ತಂದಿ ಮುಂದ ಒಂದ್ ಮಾತು ಹೇಳಬಾರದೇನ್ರಿ?”

“ಅವರಿಗೆ ಸುಳ್ಳು ಹೇಳೋಕೆ ಬರಲ್ಲ. ಬಾಯಿ ತೆಗೆದ್ರೆ ಪೂರಾ ಹೇಳಿಬಿಡ್ತಾರೆ. ಆಮೇಲೆ ಮಮ್ಮಿಗೆ ಗೊತ್ತಾಗತ್ತೆ, ಫೋನ್ ಶುರು ಆಗತ್ತೆ. ಇನ್ನೊಂದು ತಿಂಗಳು, ದೀದಿ. ಬಸ್ ಇನ್ನೊಂದು ತಿಂಗಳು ಯಾರಿಗೂ ಬೇಡ.”

“ಮಂಗಳವಾರ ಏನ್ ಮಾಡ್ತೀರಿ?”

“ಗೊತ್ತಿಲ್ಲ,” ಎಂದಳು. ಆಮೇಲೆ ಅಳು ಕೇಳಿಸಿತು, ಅದನ್ನು ನುಂಗುವ ಸದ್ದೂ ಕೇಳಿಸಿತು.

ಸೇಠ್ ಹತ್ತಿರ ಹೋಗಿ ಕೀನ್ಯಾ ಖಚಿತಪಡಿಸುವುದು ನನ್ನಿಂದಾಗದು ಎಂದೆ. ಕಾರಣ ಕೇಳಿದರು. ಹೇಳುವ ಹಾಗಿಲ್ಲ, ಗ್ರಾಹಕರ ಖಾಸಗಿ ವಿಷಯ ಎಂದೆ. ಅವರು, ಕೋಣೆಗಳೆಲ್ಲ ತುಂಬಿಹೋದವು ಎಂದು ಹೇಳಿಬಿಡು, ಇಲ್ಲವಾದರೆ ಈ ಕೆಲಸ ಬೇರೆಯವರಿಗೆ ಕೊಡುತ್ತೇನೆ ಎಂದರು. ಎರಡೂ ಸುಲಭದ ದಾರಿಗಳೇ. ಲೋಕಲ್‌ನಲ್ಲಿ ಮನೆಗೆ ಹೋಗುವಾಗ ಅದನ್ನೇ ಯೋಚಿಸಿದೆ. ಕುರ್ಲಾದಲ್ಲಿ ಸೀಟು ಸಿಕ್ಕಿತು, ಕೂತೆ. ಕಾಲು ನೋಯುತ್ತಿತ್ತು, ತಲೆಯೂ. ಕೋಣೆ ತುಂಬಿದೆ ಎಂದರೆ ಯಜಮಾನರು ಒಂದೇ ಗಂಟೆಯಲ್ಲಿ ಬೇರೆ ಏಜೆಂಟರಿಂದ ಕೋಣೆ ಹುಡುಕಿಸುತ್ತಾರೆ. ಆ ಏಜೆಂಟನಿಗೆ ಏನೂ ತಿಳಿದಿರುವುದಿಲ್ಲ. ನಮ್ಮ ಆಫೀಸಿನಲ್ಲೇ ಬೇರೆಯವರಿಗೆ ಕೊಟ್ಟರೂ ಅಷ್ಟೆ. ಎರಡರಲ್ಲೂ ನಾನು ಪಾರಾಗುತ್ತಿದ್ದೆ, ಆ ಹುಡುಗಿ ಒಬ್ಬಳೇ ಉಳಿಯುತ್ತಿದ್ದಳು.

ಆಗ ಮೊದಲ ದಿನ ನೀರು ಕುಡಿಯುತ್ತ ಕೂತಿದ್ದ ಆ ಹೆಂಗಸಿನ ನೆನಪಾಯಿತು. ಹುಟ್ಟುಹಬ್ಬ ಅವರದು. ಅವರನ್ನು ನಾನು ಒಂದು ಮಾತೂ ಕೇಳಿರಲಿಲ್ಲ.

ಭಾನುವಾರ ಪವಾಯಿಗೆ ಹೋದೆ. ಮುಂಚೆಯೇ ಫೋನು ಮಾಡಿ, ಕೊನೆಯ ಸಲ ಎರಡನ್ನೂ ಟಿವಿಯಲ್ಲಿ ಹಾಕಿ ಎಲ್ಲರ ಎದುರಿಗೆ ತೋರಿಸುತ್ತೇನೆ, ಆಮೇಲೆ ನೀವು ಹೇಳಿದ ಹಾಗೆ ಎಂದಿದ್ದೆ. ಯಜಮಾನರು ಒಪ್ಪಿದ್ದರು. ಹದಿನಾರನೆಯ ಮಹಡಿ, ಕೆಳಗೆ ಕೆರೆ. ನೀರ್ ದೋಸೆ, ಚಹಾ ಬಂತು. ಸೊಸೆ ದೂರದ ಕುರ್ಚಿಯಲ್ಲಿ ಕೂತು ನನ್ನತ್ತ ನೋಡಲೇ ಇಲ್ಲ. ಅವಳ ಗಂಡ ಪವಾಯಿಯಲ್ಲೇ ಐಟಿ ಕಂಪನಿಯಲ್ಲಿದ್ದವನು. ಫೋನಿನಲ್ಲಿ ತಲೆ ಹುದುಗಿಸಿದ್ದ.

ಮೊದಲು ಮಾರಾದ ಚಿತ್ರಗಳನ್ನು ಹಾಕಿದೆ. ಯಜಮಾನರು ಮುಂದಕ್ಕೆ ಬಾಗಿ, “ಇದೇ, ಇದೇ,” ಎಂದರು. ಆಮೇಲೆ ಮಾಡಿಕ್ವೆಯದು. ನೀರಿನ ಹೊಂಡ, ಧೂಳು ಮೈಗೆ ಎರಚಿಕೊಳ್ಳುವ ಆನೆಗಳು. ಎಲ್ಲ ಮುಗಿದ ಮೇಲೆ ನಾನು ಲ್ಯಾಪ್‌ಟಾಪನ್ನು ಅವರ ಹೆಂಡತಿಯ ಕಡೆ ತಿರುಗಿಸಿದೆ.

“ಅಮ್ಮಾ, ನಿಮ್ಮ ಹುಟ್ಟುಹಬ್ಬರಿ ಇದು. ನಿಮಗ ಏನ್ ನೋಡಬೇಕು ಅಂತ ಐತಿ, ಅದನ್ನ ಹೇಳ್ರಿ. ನೀವು ಹೇಳಿದ್ದನ್ನ ಮಾಡ್ತೀನಿ, ಕೀನ್ಯಾ ಅಂದ್ರ ನಾಳೆನ ಕೀನ್ಯಾ.”

ಅವರು ಕೀನ್ಯಾ ಎಂದುಬಿಟ್ಟರೆ ನನ್ನ ಬಳಿ ಹೇಳಲು ಏನೂ ಉಳಿದಿರಲಿಲ್ಲ.

“ಅವಳಿಗೆ ಎಂಥ ಗೊತ್ತುಂಟು,” ಎಂದರು ಯಜಮಾನರು.

“ಸ್ವಲ್ಪ ಸುಮ್ಮನೆ ಕೂತ್ಕೊಳ್ಳಿ ನೀವು,” ಎಂದರು ಅವರು. ನಂತರ ನನ್ನನ್ನು ಕೇಳತೊಡಗಿದರು. ಗಾಡಿಯಲ್ಲಿ ಎಷ್ಟು ಹೊತ್ತು ಕೂರಬೇಕು. ನಡುವೆ ಇಳಿಯಲು ಬಿಡುತ್ತಾರಾ. ಮೂತ್ರಕ್ಕೆ ಹೋಗಬೇಕಾದರೆ ಏನು ಗತಿ. ಡಾಕ್ಟರು ಬೇಕಾದರೆ ಎಷ್ಟು ದೂರ. ನಾನು ಎರಡೂ ಕಡೆಯದನ್ನು ಇದ್ದ ಹಾಗೆ ಹೇಳಿದೆ. ಕೊನೆಯಲ್ಲಿ ಅವರು ಕೇಳಿದರು.

“ಎರಡನೆಯ ಜಾಗಕ್ಕೆ ಇಂಜೆಕ್ಷನ್ ಬೇಕಾ?”

“ಬೇಡರಿ.”

“ಹಾಗಾದ್ರೆ ಅದೇ ಆಗಲಿ. ಆ ಮೊಸಳೆ ತಿನ್ನುವುದನ್ನು ನನಗೆ ಕಾಣ್ಲಿಕ್ಕೆ ಇಷ್ಟ ಇಲ್ಲ. ಹುಟ್ಟಿದ ಹಬ್ಬದ ದಿನ ಯಾರಾದ್ರೂ ಅದನ್ನು ಕಾಣ್ತಾರಾ?”

ಯಜಮಾನರು ಎದ್ದು ಬಾಲ್ಕನಿಗೆ ಹೋದರು. ಬೆನ್ನು ಮಾಡಿ ಕೆರೆ ನೋಡುತ್ತ ನಿಂತರು. ಅವರಿಗೆ ನೋವಾಗಿದ್ದು ನನಗೆ ಕಾಣುತ್ತಿತ್ತು. ಅವರ ಆಸೆಯೂ ಸಣ್ಣದೇನಾಗಿರಲಿಲ್ಲ. ಒಳಗೆ ಬಂದು, “ಮಾಡಿ ಹಾಗಾದ್ರೆ,” ಎಂದಷ್ಟೇ ಹೇಳಿದರು. ಮಂಗಳವಾರದ ಅಪಾಯಿಂಟ್‌ಮೆಂಟ್ ರದ್ದಾಯಿತು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಸೇಠ್ ಕಡಿಮೆ ದರದ ಟಿಕೆಟು ಹುಡುಕಿದ್ದರು, ನೋಡಿದರೆ ಅದು ನೈರೋಬಿಯಲ್ಲಿ ಇಳಿದು ಹೋಗುವ ವಿಮಾನ. ಅಲ್ಲಿ ತಂಗುವ ಹೊತ್ತು ಹೆಚ್ಚಾದರೆ ಮತ್ತೆ ಅದೇ ಲಸಿಕೆಯ ಕಾರ್ಡು ಕೇಳುತ್ತಾರೆ. ಎಲ್ಲವನ್ನೂ ಬಿಡಿಸಿ ಕೊಲ್ಲಿ ದೇಶಗಳ ದಾರಿಯಲ್ಲಿ ಹೊಸದಾಗಿ ಮಾಡಿಸಿದೆ. ತಂಗಿಯ ಗಂಡನ ವೀಸಾ ಕಾಗದ ಒಂದು ಸಲ ವಾಪಸ್ ಬಂತು. ಕೀನ್ಯಾದವರ ಕ್ಷಮೆ ಕೇಳಿ ಕೋಣೆ ಬಿಟ್ಟುಕೊಟ್ಟೆ. ಮಳೆಗಾಲ ಶುರುವಾಗಿ ಟ್ರೇನುಗಳು ನಿಂತ ದಿನ ಆಫೀಸಿನಲ್ಲೇ ಚಪ್ಪಲಿ ಒಣಗಿಸುತ್ತ ವೀಸಾದ ಕೆಲಸ ಮುಗಿಸಿದೆ. ಸೊಸೆ ನಡುವೆ ಒಂದೆರಡು ಸಲ ‘ಎಲ್ಲ ಠೀಕ್’ ಎಂದು ಬರೆದಿದ್ದಳು; ಒಂದು ತಿಂಗಳು ಕಳೆದರೂ ಮನೆಯಲ್ಲಿ ಇನ್ನೂ ಹೇಳಿರಲಿಲ್ಲ.

ಹೊರಡಲು ಎರಡು ವಾರವಿದೆ ಎನ್ನುವಾಗ ಅವಳ ಅತ್ತೆ ಒಬ್ಬರೇ ಮೆಟ್ಟಿಲು ಹತ್ತಿ ಬಂದರು. ಕೊಡೆಯಿಂದ ನೀರು ಸುರಿಯುತ್ತಿತ್ತು. ಕುರ್ಚಿ ಕೊಟ್ಟೆ.

“ಮೂರು ಟಿಕೆಟ್ ಕ್ಯಾನ್ಸಲ್ ಮಾಡ್ಬೇಕು ತಂಗಿ,” ಎಂದರು. “ಮಗನದು, ಸೊಸೆಯದು, ನನ್ನದು.”

ಅವರೇ ಮುಂದುವರಿಸಿದರು. ಹಿಂದಿನ ರಾತ್ರಿ ಸ್ವಲ್ಪ ರಕ್ತ ಕಾಣಿಸಿತ್ತು. ಡಾಕ್ಟರು ನೋಡಿದ್ದಾರೆ. ಮಗು ಇದೆ, ಆದರೆ ವಿಮಾನ ಬೇಡ, ಓಡಾಟ ಬೇಡ ಎಂದಿದ್ದಾರೆ.

“ಅಮ್ಮಾ, ನಿಮಗ...” ಎಂದು ತಡವರಿಸಿದೆ.

“ನನಗೆ ಗೊತ್ತಿತ್ತು. ಬೆಳಿಗ್ಗೆ ಕಾಫಿ ಇಳಿಸುವ ಹೊತ್ತಿಗೆ ವಾಸನೆ ಆಗದೆ ಅವಳು ಬಾಲ್ಕನಿಗೆ ಹೋಗ್ತಿದ್ದಳು. ನನಗೆ ಕಣ್ಣಿಲ್ವಾ? ನೀವು ಅವತ್ತು ಮನೆಗೆ ಬಂದಾಗ ನಿಮಗೂ ಗೊತ್ತುಂಟು ಅಂತ ಕಂಡಿತು. ಕೇಳಲಿಲ್ಲ. ಕಳೆದ ಸಲ ನಾನು ಊರಿಗೆಲ್ಲ ಹೇಳಿದೆ, ಆಮೇಲೆ ಅವಳು ಫೋನ್ ರಿಂಗಾದ್ರೆ ಕೋಣೆಯ ಬಾಗಿಲು ಹಾಕ್ಕೊಳ್ತಿದ್ದಳು. ಈ ಸಲ ಅವಳಾಗಿ ಹೇಳುವವರೆಗೆ ಬಾಯಿ ಬಿಡಬಾರದು ಅಂತ ಇದ್ದೆ. ನಿನ್ನೆ ಹೇಳಿದಳು.”

“ನೀವಾದ್ರೂ ಹೋಗಬಹುದಿತ್ತಲ್ಲರಿ. ನಿಮ್ಮ ಹುಟ್ಟುಹಬ್ಬ...”

“ಅವಳನ್ನು ಬಿಟ್ಟು ನಾನು ಅಲ್ಲಿ ಎಂಥ ಕಾಣಲಿ? ಅವರು ಹೋಗಲಿ, ಅವರಿಗೆ ಆಸೆ ಉಂಟು.”

ಯಜಮಾನರು ಹೆಂಡತಿಯ ತಂಗಿ ಮತ್ತು ಅವಳ ಗಂಡನ ಜೊತೆ ಹೋದರು. ಬೇಡವೆಂದು ಹಟ ಹಿಡಿದವರನ್ನು ಹೆಂಡತಿಯೇ ಕಳಿಸಿದ್ದಂತೆ. ಮಾಡಿಕ್ವೆಯಿಂದ ಒಂದು ಮಧ್ಯಾಹ್ನ ನನಗೆ ಫೋನು ಮಾಡಿದರು. ಫೋನನ್ನು ನೀರಿನ ಹೊಂಡದ ಕಡೆ ಚಾಚಿ ಹಿಡಿದರು. ನೀರು ಹೀರುವ ಸದ್ದು, ದೊಡ್ಡ ದೇಹಗಳು ಕೆಸರಿನಲ್ಲಿ ಕಾಲೂರುವ ಸದ್ದು ಕೇಳಿಸಿತು. ಆಮೇಲೆ, “ಮೇಡಂ, ಕೇಳಿತಾ? ಇಷ್ಟು ಹತ್ತಿರ. ಮನೆಯವಳಿಗೂ ಕೇಳಿಸಿದೆ,” ಎಂದು ಇಟ್ಟರು. ನನ್ನ ಮುಂದೆ ಆಗ ಬೇರೊಂದು ಕುಟುಂಬದ ತಾಂಜಾನಿಯಾ ತೆರೆದಿತ್ತು. ಕೆಲಸ ಮುಂದುವರಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲೆ ನಾಲ್ಕೈದು ತಿಂಗಳು ನನಗೆ ಪವಾಯಿಯಿಂದ ಸುದ್ದಿ ಇರಲಿಲ್ಲ. ನಾನಾಗಿ ಕೇಳಲು ಧೈರ್ಯ ಬರಲಿಲ್ಲ. ಕೇಳಿದರೆ ನಾನೂ ಆ ಫೋನು ಮಾಡುವವರಲ್ಲಿ ಒಬ್ಬಳಾಗುತ್ತೇನೆ ಎನಿಸುತ್ತಿತ್ತು.

ಜನವರಿಯ ಒಂದು ಬೆಳಿಗ್ಗೆ, ಮಸ್ಜಿದ್ ಸ್ಟೇಷನ್ ದಾಟುವಾಗ, ಫೋನು ಬಂತು. ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡೆ. ಅತ್ತೆಯ ದನಿ.

“ತಂಗಿ, ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಸೊಸೆಯೇ ನಿಮಗೆ ಮೊದಲು ಹೇಳ್ಲಿಕ್ಕೆ ಹೇಳಿದಳು. ಊರಿಗೆ ಫೋನ್ ಇನ್ನು ಮಾಡಬೇಕು.”

ಕಿವಿ ಮುಚ್ಚಿದ್ದ ಕೈಯಿಂದ ಕಣ್ಣೊರೆಸಿಕೊಂಡೆ. ಪಕ್ಕದಲ್ಲಿ ನಿಂತವಳು ನನ್ನ ಮುಖ ನೋಡಿ ಸ್ವಲ್ಪ ಸರಿದು ಜಾಗ ಬಿಟ್ಟಳು.

“ಒಂದು ಕೇಳ್ಲಿಕ್ಕಿತ್ತು,” ಎಂದರು ಅವರು. “ಆ ಸಫಾರಿ ಜೀಪಿನಲ್ಲಿ ಮಕ್ಕಳನ್ನು ಎಷ್ಟು ವರ್ಷಕ್ಕೆ ಕೂರಿಸ್ತಾರೆ?”

“ಬಹಳ ಕಡೆ ಆರು ವರ್ಷ ತುಂಬಿರಬೇಕು ಅಂತಾರ್ರಿ ಅಮ್ಮಾ.”

“ಆರಾ?” ಅವರು ಮನಸ್ಸಿನಲ್ಲೇ ಕೂಡಿಸಿಕೊಳ್ಳುತ್ತಿರುವುದು ನನಗೆ ತಿಳಿಯಿತು. “ಆಗ ನನಗೆ ಅರವತ್ತಾರು. ಆಯ್ತು, ಸೊಂಟ ನೋಡಿಕೊಳ್ತೇನೆ.”